ಶೇಕಡಾ ಮೂವತ್ತೆಂಟು

ಅವಳ ಕುರ್ಚಿ ಮತ್ತೆ ಕಿರುಗುಟ್ಟಿತು, ಹಿಂದಕ್ಕೆ ವಾಲಿದಾಗ ಒಮ್ಮೆ, ಮುಂದಕ್ಕೆ ಬಂದಾಗ ಒಮ್ಮೆ, ಓಡುತ್ತಿದ್ದವಳು ಬಾಸ್ಕೆಟ್‌ಬಾಲಿನ ಮರದ ಅಂಕಣದ ಮೇಲೆ ಗಕ್ಕನೆ ನಿಂತು ತಿರುಗಿದಾಗ ಶೂ ಮಾಡುವ ಸದ್ದು ಇದೇ, ಹನ್ನೊಂದು ವರ್ಷವಾದರೂ ಆ ಸದ್ದಿಗೆ ನನ್ನ ಎಡಗಾಲು ಮೇಜಿನ ಕೆಳಗೆ ತಾನಾಗಿ ಬಿಗಿಯುತ್ತದೆ, ಪೆದ್ದ ಕಾಲು, ಯಾರೂ ನಿನ್ನನ್ನು ಕರೆಯುತ್ತಿಲ್ಲ, ಅದು ಪುಟ ಕಟ್ಟುವ ಹುಡುಗಿಯ ಕುರ್ಚಿ ಅಷ್ಟೇ, ಎಣ್ಣೆ ಹಾಕಿಸಿ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾಳೆ, ಯಾರೂ ಹಾಕಿಸಿಲ್ಲ. ಅಕ್ಕಾ, ಕೊನೇದೊಂದು ಕೊಟ್ಬಿಡಿ, ಕಂಬ ಎಷ್ಟೆತ್ತರ ಎಳೀಬೇಕು ಅಂತ ಹೇಳಿ ಸಾಕು. ಎಂಟು ಸಂಸ್ಥೆಗಳ ಎಂಟು ತಂಡ, ಎಂಟು ಬಣ್ಣದ ಕಂಬ, ಕಂಬದ ನೆತ್ತಿಯಲ್ಲಿ ಶೇಕಡಾ ಇಷ್ಟು ಎಂಬ ಅಂಕಿ, ಕೆಳಗೆ ಒಂದು ಸಾಲಿನ ಕಾರಣ, ನಾಳೆ ಹೆಂಗಸರ ಬಾಸ್ಕೆಟ್‌ಬಾಲ್ ಲೀಗಿನ ಪ್ಲೇಆಫ್ ಶುರುವಾಗುತ್ತದೆ, ಕಪ್ ಗೆಲ್ಲುವ ಅವಕಾಶ ಯಾವ ತಂಡಕ್ಕೆ ಎಷ್ಟು ಎಂದು ಒಂಬತ್ತು ವರ್ಷದಿಂದ ಈ ಪತ್ರಿಕೆಯಲ್ಲಿ ಬರೆಯುವವಳು ನಾನು, ಅದಕ್ಕೇ ಕಚೇರಿಯಲ್ಲಿ ನನ್ನ ಹೆಸರು ಶೇಕಡಾ, ಕ್ಯಾಂಟೀನಿನವನೂ ಶೇಕಡಾ ಮೇಡಂಗೆ ಸಕ್ಕರೆ ಕಮ್ಮಿ ಎನ್ನುತ್ತಾನೆ. ಬಂದರಿನವರು ಇಪ್ಪತ್ತೊಂದು. ಸಿಮೆಂಟಿನವರು ಹದಿನಾಲ್ಕು. ಬ್ಯಾಂಕಿನವರು ಹನ್ನೊಂದು, ರೈಲಿನವರು ಏಳು, ಆಮೇಲಿನ ಮೂವರು ಐದು, ಮೂರು, ಒಂದು – ಸೊನ್ನೆ ಎಂದು ಬರೆಯಲು ನಾಚಿಕೆಯಾದಾಗ ಒಂದು ಎಂದು ಬರೆಯುತ್ತೇನೆ. ಟೈರಿನವರ ಚೌಕ ಖಾಲಿ. ನನ್ನ ತಂಗಿಯ ತಂಡ. ಏನಮ್ಮಾ ಶೇಕಡಾ, ಏಳಾಯ್ತು, ಎಂಟನೇದಕ್ಕೆ ಒಳ್ಳೆ ಗಳಿಗೆ ನೋಡ್ತಿದೀಯೇನು, ಇದು ಕ್ರೀಡಾ ಸಂಪಾದಕ, ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಾನೆ, ನಾವು ಅವನನ್ನು ಗಡುವು ಎನ್ನುತ್ತೇವೆ, ಅವನೆದುರಿಗೇ ಎನ್ನುತ್ತೇವೆ, ಅವನಿಗೆ ಅದು ಹೊಗಳಿಕೆ. ಐದಕ್ಕೆ ವೆಬ್‌ಗೆ ಹೋಗ್ಬೇಕು, ನಾಲ್ಕೂಕಾಲಾಯ್ತು, ತಂಗಿ ಅಂತ ಕೈ ನಡುಗ್ತಾ ಇದ್ರೆ ಹೇಳು, ನಾನೇ ಹಾಕ್ತೀನಿ. ನೀವು ಹಾಕಿದ್ರೆ ಎಂಟೂ ಸೇರಿ ನೂರಾಹತ್ತಾಗುತ್ತೆ ಸಾರ್. ನಕ್ಕ, ಹೋದ, ಅವನ ಬೆರಳ ಗುರುತು ಚೌಕಟ್ಟಿನ ಬಣ್ಣದ ಮೇಲೆ ಉಳಿಯಿತು. ಕೈ ನಡುಗುತ್ತಿಲ್ಲ. ನನ್ನ ಕೈ ಯಾವತ್ತೂ ನಡುಗಿದ್ದಿಲ್ಲ, ಕೈ ನಡುಗಿದವಳು ಫ್ರೀ ಥ್ರೋ ಹಾಕಲಾರಳು, ನನ್ನಲ್ಲಿ ಹಾಳಾದದ್ದು ಕಾಲು.

ಲೆಕ್ಕದ ಅರ್ಧ ಯಾರು ಬೇಕಾದರೂ ಮಾಡುವಂಥದ್ದು, ನೂರು ಸಲ ಚೆಂಡು ಕೈಗೆ ಬಂದರೆ ತಂಡ ಎಷ್ಟು ಪಾಯಿಂಟ್ ಮಾಡುತ್ತದೆ, ಎಷ್ಟು ಬಿಟ್ಟುಕೊಡುತ್ತದೆ, ಕೊನೆಯ ಹದಿನೈದು ಪಂದ್ಯ ಹೇಗಿತ್ತು, ಎರಡು ಪಂದ್ಯಗಳ ನಡುವೆ ಎಷ್ಟು ದಿನದ ವಿಶ್ರಾಂತಿ, ಬೆಂಚಿನ ಮೇಲೆ ಕೂತವರಲ್ಲಿ ಎಷ್ಟು ಜನ ಎದ್ದು ಬಂದರೆ ಉಪಯೋಗಕ್ಕೆ ಬರುತ್ತಾರೆ – ಇದೆಲ್ಲ ಯಂತ್ರವೂ ಮಾಡುತ್ತದೆ, ಮಾಡಲಿ. ಇನ್ನರ್ಧ ನನ್ನದು, ಬಸ್ಸಿನ ಮೆಟ್ಟಿಲು, ಪಂದ್ಯಕ್ಕೆ ಎರಡು ಗಂಟೆ ಮೊದಲು ಕ್ರೀಡಾಂಗಣದ ಹಿಂದಿನ ಗೇಟಿಗೆ ತಂಡದ ಬಸ್ ಬರುತ್ತದೆ, ಪತ್ರಕರ್ತರೆಲ್ಲ ಮುಂದಿನ ಬಾಗಿಲಲ್ಲಿ ಸಮೋಸ ಕಾಯುವವರ ಹಾಗೆ ನಿಂತಿರುತ್ತಾರೆ, ನಾನು ಹಿಂದೆ, ಕಸದ ಡಬ್ಬಿಗಳ ಪಕ್ಕ, ಹಸಿರು ನೋಟ್‌ಬುಕ್ ಹಿಡಿದು. ಮೂರೇ ಮೆಟ್ಟಿಲು. ಹತ್ತುವುದನ್ನು ಯಾರು ಬೇಕಾದರೂ ಹತ್ತುತ್ತಾರೆ, ಮೊಣಕಾಲು, ಹಿಮ್ಮಡಿ, ಸೊಂಟ ಯಾವುದು ಕೆಟ್ಟಿದ್ದರೂ ಮುಖ ಗಟ್ಟಿ ಮಾಡಿಕೊಂಡು ಹತ್ತಬಹುದು, ಇಳಿಯುವಾಗ ಸಿಕ್ಕಿಬೀಳುತ್ತಾರೆ, ಇಡೀ ಮೈಯ ಭಾರವನ್ನು ಬಗ್ಗಿದ ಒಂದೇ ಕಾಲಿನ ಮೇಲೆ ಹಿಡಿದು ನಿಧಾನ ಕೆಳಗಿಳಿಸಬೇಕಲ್ಲ, ಅಲ್ಲಿ. ನೋವಿರುವವಳು ಕಂಬಿ ಹಿಡಿಯುತ್ತಾಳೆ, ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾಳೆ, ಫೋನ್ ನೋಡುವ ನೆಪದಲ್ಲಿ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ. ಇದು ನನಗೆ ಯಾರೂ ಕಲಿಸಿದ್ದಲ್ಲ, ನನ್ನ ಕಾಲು ಕಲಿಸಿದ್ದು. ಎರಡು ವರ್ಷದ ಹಿಂದೆ ಸಿಮೆಂಟಿನವರ ಉದ್ದದ ಹುಡುಗಿ ಹೀಗೇ ಇಳಿದಳು, ಬಲ ಹಿಮ್ಮಡಿ, ಯಾರಿಗೂ ಗೊತ್ತಿರಲಿಲ್ಲ, ನಾನು ಆಗಲೇ ವೆಬ್ ಪಟ್ಟಿಯಲ್ಲಿ ಅವರನ್ನು ನಲವತ್ತೊಂದರಿಂದ ಇಪ್ಪತ್ತೊಂಬತ್ತಕ್ಕೆ ಇಳಿಸಿದೆ, ಕಾರಣದ ಸಾಲಿನಲ್ಲಿ ಆಯಾಸ ಎಂದಷ್ಟೇ ಬರೆದೆ, ಯಾರ ಹೆಸರೂ ಇಲ್ಲ, ಒಂದೂ ತಪ್ಪು ಮಾತಿಲ್ಲ. ಸಂಜೆ ಎದುರಿನವರು ಅವಳ ಬಲಕ್ಕೇ ನುಗ್ಗಿದರು, ಬಲಕ್ಕೆ, ಮತ್ತೆ ಬಲಕ್ಕೆ, ಮೂರನೆಯ ಕ್ವಾರ್ಟರಿನಲ್ಲಿ ಅವಳು ಬಿದ್ದಳು, ಏಳಲಿಲ್ಲ. ಪಂದ್ಯ ಮುಗಿದ ಮೇಲೆ ಎದುರು ತಂಡದ, ಬಂದರಿನವರ, ಕೋಚ್ ನನ್ನ ಹತ್ತಿರ ಬಂದು ಕೈ ಕುಲುಕಿದ, ನಿಮ್ಮ ಪಟ್ಟಿ ನೋಡ್ದೆ ಮೇಡಂ, ಹನ್ನೆರಡು ಸುಮ್ಮನೆ ಇಳಿಯಲ್ಲ, ಎಲ್ಲೋ ಯಾರಿಗೋ ನೋವಿದೆ, ಹುಡುಕ್ರಮ್ಮಾ ಅಂತ ನಮ್ಮ ಹುಡುಗೀರಿಗೆ ಹೇಳ್ದೆ, ಹುಡುಕಿದ್ರು. ಮಾರನೆಯ ದಿನ ಗಡುವು ಎಲ್ಲರೆದುರು ನನಗೆ ಚಪ್ಪಾಳೆ ತಟ್ಟಿಸಿದ, ನೋಡಿ, ಇದಪ್ಪಾ ಅಂದಾಜು ಅಂದ್ರೆ. ಉದ್ದದ ಹುಡುಗಿ ಈಗ ಆಟದ ಸಾಮಾನಿನ ಅಂಗಡಿಯಲ್ಲಿ ಶೂ ತೋರಿಸುತ್ತಾಳೆ, ಮಂಡಿಯೂರಿ ಲೇಸ್ ಕಟ್ಟುತ್ತಾಳೆ, ನಾನು ಆ ರಸ್ತೆಗೆ ಹೋಗುವುದಿಲ್ಲ.

ಅವಳನ್ನು ಯಾಕೆ ನೆನೆಸಿಕೊಂಡೆ, ಇಲ್ಲ, ಅವಳನ್ನು ನೆನೆಸಿಕೊಂಡರೆ ಬೆಳಗ್ಗಿನದು ನೆನಪಾಗುವುದಿಲ್ಲ ಎಂದುಕೊಂಡಿದ್ದೆ, ಬೆಳಗ್ಗೆ ತಂಗಿಯ ಅಪಾರ್ಟ್‌ಮೆಂಟಿನ ಕೆಳಗೆ, ಅಮ್ಮ ಕೊಟ್ಟ ಉಣ್ಣೆಯ ಕಾಲುಚೀಲ ತಲುಪಿಸಲು ಹೋಗಿದ್ದೆ, ಹೇಳದೆ ಹೋಗಿದ್ದೆ, ಲಿಫ್ಟ್ ಕೆಟ್ಟಿತ್ತು, ಕೆಳಗೆ ನಿಂತು ಮೂರು ಮಹಡಿ ಹತ್ತಲೋ ಫೋನ್ ಮಾಡಲೋ ಎಂದು ನೋಡುತ್ತಿದ್ದಾಗ ಮೇಲೆ ಬಾಗಿಲು ಹಾಕಿದ ಸದ್ದು. ಮೆಟ್ಟಿಲ ಕಟಕಟೆಯ ಕಂಬಿಗಳ ನಡುವೆ ಮೊದಲು ಕಂಡದ್ದು ಕಸದ ಚೀಲ, ಆಮೇಲೆ ಕಾಲು. ಬರಿಗಾಲು, ಹೆಬ್ಬೆರಳಿಗೆ ಟೇಪ್. ಎಡಗಾಲು ಕೆಳಗಿನ ಮೆಟ್ಟಿಲಿಗೆ, ಬಲಗಾಲು ಬಂದು ಅದರ ಪಕ್ಕಕ್ಕೆ. ನಿಂತಿತು. ಎಡಗಾಲು ಕೆಳಕ್ಕೆ, ಬಲಗಾಲು ಪಕ್ಕಕ್ಕೆ. ಎರಡು ಪಾದವೂ ಒಂದೇ ಮೆಟ್ಟಿಲ ಮೇಲೆ, ನಡೆಯಲು ಕಲಿಯುವ ಮಗು ಇಳಿಯುವ ಹಾಗೆ, ಹತ್ತೊಂಬತ್ತು ಮೆಟ್ಟಿಲು ಎಣಿಸಿದೆ, ಅಷ್ಟರಲ್ಲಿ ಅವಳ ಮುಖ ಬಂತು. ಏನೇ ಇದು, ಕಳ್ಳನ ಹಾಗೆ ನಿಂತಿದೀಯ. ಎಷ್ಟು ದಿನದಿಂದ? ಏನು ಎಷ್ಟು ದಿನದಿಂದ? ಕಾಲು ಕಣೇ. ಯಾವ ಕಾಲು? ನನ್ನ ಹತ್ರ ಬೇಡ. ಅವಳು ಕಸದ ಚೀಲವನ್ನು ನನ್ನ ಕೈಗೆ ಕೊಟ್ಟಳು, ಹಾಗಾದ್ರೆ ನೀನೇ ಹಾಕಿ ಬಾ, ನಂಗೆ ಇನ್ನೂ ಹದಿನೇಳು ಮೆಟ್ಟಿಲು ಇದೆ. ಹಾಕಿ ಬಂದೆ. ಮೆಟ್ಟಿಲ ಮೇಲೇ ಕೂತೆವು, ಅವಳು ಮೇಲೆ, ನಾನು ಎರಡು ಮೆಟ್ಟಿಲು ಕೆಳಗೆ, ಅವಳ ಮೊಣಕಾಲು ನನ್ನ ಕಣ್ಣಿನ ಮಟ್ಟಕ್ಕೆ, ಊದಿತ್ತು, ಚಿಪ್ಪಿನ ಎರಡು ಬದಿಯ ಗುಳಿಗಳೂ ತುಂಬಿಕೊಂಡಿದ್ದವು. ಸ್ಕ್ಯಾನ್ ಮಾಡಿಸಿದ್ಯಾ? ಹೂಂ. ಏನಂತೆ? ಒಳಗಿನ ಮೆತ್ತೆ ಅರ್ಧ ಹರಿದಿದೆಯಂತೆ, ಇನ್ನರ್ಧ ಇದೆಯಲ್ಲ. ತಂಡದ ಡಾಕ್ಟರಿಗೆ ಗೊತ್ತಾ? ಗೊತ್ತಿದ್ರೆ ನಾನು ಪಟ್ಟಿಯಲ್ಲಿ ಇರ್ತಿದ್ನಾ, ನೀನೊಬ್ಬಳು. ಎಷ್ಟು ದಿನದಿಂದ ಅಂತ ಕೇಳಿದೆ. ಒಂದು ತಿಂಗಳು. ಒಂದು ತಿಂಗಳು! ಆ ತಿಂಗಳಲ್ಲಿ ನಾನು ಐದು ಸಲ ಹಿಂದಿನ ಗೇಟಿನಲ್ಲಿ ನಿಂತಿದ್ದೇನೆ, ಐದು ಸಲವೂ ಅವಳು ಬಸ್ಸಿನ ಮೆಟ್ಟಿಲು ಮುಟ್ಟದೆ ಮೇಲಿನಿಂದಲೇ ಹಾರಿ ಇಳಿದಿದ್ದಾಳೆ, ಬಲಗಾಲಲ್ಲಿ ಚಿಮ್ಮಿ, ಬಲಗಾಲ ಮೇಲೆ ಬಂದು, ಹೋಯ್ ಎಂದು ಕೂಗಿ, ಡ್ರೈವರ್ ಚಪ್ಪಾಳೆ ತಟ್ಟುತ್ತಿದ್ದ, ನಾನು ಹಸಿರು ನೋಟ್‌ಬುಕ್ಕಿನಲ್ಲಿ ಏನು ಬರೆದೆ – ಹುರುಪು, ಮೈಯಲ್ಲಿ ಬಲವಿದೆ, ಟೈರಿನವರಿಗೆ ಎರಡು ಹೆಚ್ಚು. ಎರಡು ಶೇಕಡಾ ಹೆಚ್ಚು ಹಾಕಿದೆ, ಮೆಟ್ಟಿಲು ಇಳಿಯಲಾರದವಳು ಹಾರುವುದನ್ನು ನೋಡಿ, ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾರದ ತಪ್ಪು, ಏಕೆಂದರೆ ಬೇರೆ ಯಾರೂ ಅಲ್ಲಿ ನಿಂತು ನೋಡುವುದೇ ಇಲ್ಲ. ನೀನು ಅಲ್ಲಿ ಕಸದ ಡಬ್ಬಿ ಪಕ್ಕ ನಿಂತಿರ್ತೀಯ ಅಂತ ಗೊತ್ತಿತ್ತಕ್ಕಾ, ಅವಳು ನಕ್ಕಳು, ಹೆಮ್ಮೆಯಿಂದ ನಕ್ಕಳು, ನಿನ್ನನ್ನೇ ದಾಟಿದ ಮೇಲೆ ಇನ್ನು ಯಾರು ಹಿಡೀತಾರೆ ನನ್ನ.

ಬರೀಬೇಡ. ಈ ಹದಿನೈದು ದಿನ ಅಷ್ಟೇ. ಕಪ್ ಬಂದ್ರೆ ಮೂರು ವರ್ಷದ ಕರಾರು, ಆಮೇಲೆ ಆಪರೇಷನ್ ಮಾಡಿಸ್ಕೋತೀನಿ, ಆರು ತಿಂಗಳು ಮಲಗ್ತೀನಿ, ನೀನೇ ಬಂದು ಗಂಜಿ ಹಾಕು. ಅರ್ಧ ಹರಿದದ್ದು ಪೂರ್ತಿ ಹರಿದ್ರೆ ಆರು ತಿಂಗಳಲ್ಲ ಕಣೇ, ನನ್ನ ನೋಡು. ನಿನ್ನ ನೋಡ್ತಾನೇ ಬೆಳೆದಿದೀನಿ. ಆಮೇಲೆ ಅವಳು ಅದನ್ನು ಹೇಳಿದಳು, ಟೇಪು ಸುತ್ತಿದ ಹೆಬ್ಬೆರಳನ್ನು ಒತ್ತಿಕೊಳ್ಳುತ್ತಾ, ಬೇರೆ ಏನೋ ಹೇಳುವವಳ ಹಾಗೆ, ಆವಾಗ ನಿನ್ನ ಕಾಲೂ ನಾನು ನೋಡಿದ್ದೆ. ಯಾವಾಗ? ನಿನ್ನ ಸೆಮಿಫೈನಲ್ಲಿನ ಹಿಂದಿನ ದಿನ, ಹಳೇ ಮನೆ ಮೆಟ್ಟಿಲಲ್ಲಿ, ನೀನು ಹೀಗೇ ಇಳೀತಿದ್ದೆ, ನಾನು ಮೇಲೆ ನಿಂತಿದ್ದೆ, ನಿಂಗೆ ಕಾಣಿಸ್ಲಿಲ್ಲ. ನಾನು ಹೇಳಿದ್ನಾ ಯಾರಿಗಾದ್ರೂ? ಅಮ್ಮನಿಗೆ ಹೇಳಿದ್ನಾ? ಹದಿನಾಲ್ಕು ವರ್ಷದವಳಕ್ಕಾ ನಾನು, ಬಾಯಿ ಕಚ್ಚಿಕೊಂಡು ಇದ್ದೆ. ಉಡುಗೊರೆ ಕೊಟ್ಟವಳ ಮುಖ. ಹನ್ನೊಂದು ವರ್ಷ ಜೋಪಾನ ಮಾಡಿಟ್ಟ ಉಡುಗೊರೆ. ನನ್ನ ಕಾಲು ಯಾರಿಗೂ ಗೊತ್ತಿರಲಿಲ್ಲ ಎಂದು ಹನ್ನೊಂದು ವರ್ಷ ನಂಬಿಕೊಂಡೇ ನಾನು ನನ್ನನ್ನು ಕ್ಷಮಿಸಿಕೊಂಡಿದ್ದು, ಯಾರಿಗೂ ಗೊತ್ತಿರದಿದ್ದರೆ ಯಾರೂ ತಡೆಯುವಂತಿರಲಿಲ್ಲ, ತಡೆಯುವವರು ಇರಲಿಲ್ಲವಾದರೆ ಅದು ನನ್ನ ಹಣೆಬರಹ, ಮುಗಿಯಿತು. ಮೆಟ್ಟಿಲ ಮೇಲೆ ಒಬ್ಬಳು ನಿಂತಿದ್ದಳು. ಒಂದು ಮಾತು, ಅಮ್ಮಾ ಅಕ್ಕ ಕುಂಟ್ತಾ ಇದಾಳೆ ಎಂಬ ನಾಲ್ಕು ಪದ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವಳು, ಮೂಳೆ ಡಾಕ್ಟರರ ಕೋಟುಗಳೆಲ್ಲ ಅವಳ ಕೈಮೇಲೇ ಹೋಗುತ್ತಿದ್ದವು, ನನ್ನ ಕಿವಿ ಹಿಡಿದು ಅವರ ಮುಂದೆ ಕೂರಿಸುತ್ತಿದ್ದಳು. ಕೂರಿಸಿದ್ದರೆ ನಾನು ಅವಳನ್ನು, ತಂಗಿಯನ್ನು, ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ, ಅದೂ ನಿಜ. ಈಗ ಇದನ್ನೂ ಕ್ಷಮಿಸಲು ಆಗುತ್ತಿಲ್ಲ.

ಆವತ್ತು, ಸೆಮಿಫೈನಲ್ಲಿಗೆ ಮೊದಲು, ಅಂಕಣಕ್ಕೆ ಹೋಗುವ ಓಣಿಯಲ್ಲಿ, ಹಸಿರು ಗೋಡೆ, ಬೆವರು ಮತ್ತು ನೋವಿನೆಣ್ಣೆಯ ವಾಸನೆ, ಕೋಚ್ ನನ್ನೆದುರು ನಿಂತು ಮೊಣಕಾಲು ಹೇಗಿದೆ ಎಂದು ಕೇಳಿದ, ಇದೇ ಕೋಚ್, ಆಗ ಕೂದಲು ಕಪ್ಪಿತ್ತು, ಈಗ ತಂಗಿಯ ಕೋಚ್. ಚೆನ್ನಾಗಿದೆ ಸರ್ ಎಂದೆ, ಮಂಜುಗಡ್ಡೆಯ ಚೀಲ ಬೆನ್ನ ಹಿಂದೆ ಹಿಡಿದಿದ್ದೆ, ಅದರಿಂದ ನೀರು ಟಪಟಪ ನನ್ನ ಹಿಮ್ಮಡಿಯ ಹಿಂದೆ ಬೀಳುತ್ತಿತ್ತು, ಅವನ ಕಣ್ಣು ನೆಲದ ಮೇಲಿನ ನೀರಿಗೆ ಹೋಯಿತು, ನನ್ನ ಮುಖಕ್ಕೆ ಬಂತು, ಒಳ್ಳೆ ಹುಡುಗಿ ಎಂದ. ಅಷ್ಟೇ. ನೀರು ನೋಡಿದ, ಒಳ್ಳೆ ಹುಡುಗಿ ಎಂದ, ಹೆಗಲು ತಟ್ಟಿದ. ಮೂರನೆಯ ಕ್ವಾರ್ಟರಿನಲ್ಲಿ ಚೆಂಡಿಗೆ ಹಾರಿದೆ, ಚೆಂಡು ಸಿಕ್ಕಿತು ಕೂಡ, ಕೆಳಗೆ ಬಂದಾಗ ಸೀಮೆಸುಣ್ಣ ಮುರಿದ ಹಾಗೆ ಸದ್ದಾಯಿತು, ಯಾರ ಕೈಯಲ್ಲಿ ಸೀಮೆಸುಣ್ಣ ಇದೆ ಎಂದು ನಾನು ನಿಜವಾಗಿಯೂ ತಿರುಗಿ ನೋಡಿದೆ. ಎರಡು ಆಪರೇಷನ್, ಎರಡು ವರ್ಷ. ನಾಲ್ಕು ವರ್ಷದ ಮೇಲೆ ಕೋಚ್ ಮನೆಗೆ ಬಂದು ತಂಗಿಯನ್ನು ತಂಡಕ್ಕೆ ಕೇಳಿದ, ನನ್ನ ಅಂಗಿಯದೇ ಸಂಖ್ಯೆ ಅವಳಿಗೆ ಕೊಟ್ಟ, ಅಮ್ಮ ಕಣ್ಣೊರೆಸಿಕೊಂಡಳು, ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ. ಗಾಜಿನ ಬೀರುವಿನಲ್ಲಿ ನನ್ನ ಕಪ್‌ಗಳು ಮೊದಲು ಮುಂದಿದ್ದವು, ಆಮೇಲೆ ಪಕ್ಕಕ್ಕೆ, ಈಗ ಹಿಂದೆ, ತಂಗಿಯವು ಎತ್ತರ, ಏನ್ ಮಾಡ್ಲಿ ಎನ್ನುತ್ತಾಳೆ ಅಮ್ಮ, ಅವಳವು ಹಿಂದೆ ಹಿಡಿಸಲ್ಲ, ನಿನ್ನವು ಗಿಡ್ಡಕ್ಕಿವೆ ಹಿಂದೆ ಕೂರ್ತವೆ. ಮಧ್ಯಾಹ್ನವೂ ಫೋನ್ ಮಾಡಿದ್ದಳು ಅಮ್ಮ, ನಾನು ಆಗ ಬ್ಯಾಂಕಿನವರ ಹನ್ನೊಂದು ಹಾಕುತ್ತಿದ್ದೆ. ಏನೇ, ನಾಳೆ ಪೇಪರಲ್ಲಿ ತಂಗಿ ಫೋಟೋ ಬರುತ್ತಂತೆ, ನೀನು ಹೇಳಿ ಸ್ವಲ್ಪ ದೊಡ್ಡದಾಗಿ ಹಾಕ್ಸು. ಫೋಟೋ ಹಾಕೋದು ನಾನಲ್ಲಮ್ಮ. ಮತ್ತೇನು ಮಾಡ್ತೀಯ ಅಲ್ಲಿ ದಿನಾ ಕೂತ್ಕೊಂಡು? ಶೇಕಡಾ ಹಾಕ್ತೀನಿ. ಹಾಗಾದ್ರೆ ಅವಳಿಗೆ ನೂರು ಹಾಕು, ನಿನ್ನ ಕೈಯಿಂದ ಏನು ಹೋಗುತ್ತೆ. ಕಾಲುಚೀಲ ಕೊಟ್ಯಾ? ಕೊಟ್ಟೆ. ಕೊಟ್ಟಿರಲಿಲ್ಲ, ಅದು ನನ್ನ ಬ್ಯಾಗಿನಲ್ಲೇ ಇದೆ, ಕೊಡುವುದಕ್ಕೇ ಹೋಗಿ ಮರೆತು ಬಂದೆ, ಈಗ ಕೈ ಹಾಕಿದರೆ ಬೆಚ್ಚಗೆ ತಗಲುತ್ತದೆ, ಬೆಕ್ಕಿನ ಮರಿಯ ಹಾಗೆ.

ನೋಡು, ನಿಧಾನವಾಗಿ ನೋಡು, ಲೆಕ್ಕ ಬಲ್ಲವಳ ಹಾಗೆ ನೋಡು, ಅವಳಿಲ್ಲದೆ ಟೈರಿನವರು ಹನ್ನೆರಡು, ಅವಳು ಈ ಕಾಲಲ್ಲಿ ಆಡಿದರೆ ಹತ್ತೊಂಬತ್ತು, ಅವಳು ಸರಿಯಿದ್ದಿದ್ದರೆ ಮೂವತ್ತಾರು, ಹಾರಿ ಇಳಿದದ್ದಕ್ಕೆ ನಾನು ಕೊಟ್ಟ ಎರಡು ಸೇರಿ ಮೂವತ್ತೆಂಟು, ಹೋದ ವಾರದ ಪಟ್ಟಿಯಲ್ಲಿದ್ದದ್ದು ಅದೇ. ಹತ್ತೊಂಬತ್ತು ಬರೆದರೆ ಅದು ಸತ್ಯ, ಬಂದರಿನವರ ಕೋಚ್ ನಾಳೆ ಬೆಳಗ್ಗೆ ಪೇಪರ್ ತೆರೆದು ನೋಡುತ್ತಾನೆ, ಹತ್ತೊಂಬತ್ತು ಇಳಿಸಿದ್ದಾಳೆ, ಅದೂ ಸ್ವಂತ ಅಕ್ಕ, ಹುಡುಕ್ರಮ್ಮಾ. ಹುಡುಕುತ್ತಾರೆ, ಅರ್ಧ ಗಂಟೆ ಬೇಕಾಗುವುದಿಲ್ಲ. ಮೂವತ್ತೆಂಟು ಬರೆದರೆ ಯಾರೂ ಹುಡುಕುವುದಿಲ್ಲ, ಅವಳು ಅರ್ಧ ಮೆತ್ತೆಯ ಮೇಲೆ ಹಾರುತ್ತಾಳೆ, ಇಳಿಯುತ್ತಾಳೆ, ಹಾರುತ್ತಾಳೆ. ಮೂರನೆಯದೊಂದು ಇದೆ, ಅದನ್ನು ಬೆಳಗ್ಗೆಯಿಂದ ಪಕ್ಕಕ್ಕೆ ಸರಿಸುತ್ತಿದ್ದೇನೆ, ಲೀಗಿನ ಡಾಕ್ಟರ್, ಆಡುವವರ ಪಟ್ಟಿ ಇವತ್ತು ಆರಕ್ಕೆ ಮುಚ್ಚುತ್ತದೆ, ಅದಕ್ಕೆ ಮೊದಲು ಯಾರಾದರೂ ಹೆಸರು ಹೇಳಿ ದೂರಿದರೆ ಆ ಹೆಂಗಸು ತಾನೇ ಹೋಗಿ ಕಾಲು ಮಡಚಿ ನೋಡುತ್ತಾಳೆ, ಎರಡು ನಿಮಿಷದ ಕೆಲಸ, ಅವಳ ನಂಬರ್ ನನ್ನ ಫೋನಿನಲ್ಲಿದೆ. ಮಾಡಿದರೆ ತಂಗಿ ಇವತ್ತೇ ಮನೆಗೆ, ಕಪ್ ಇಲ್ಲ, ಕರಾರು ಇಲ್ಲ, ಕಾಲು ಉಳಿಯುತ್ತದೆ, ಅಕ್ಕ ಉಳಿಯುವುದಿಲ್ಲ. ಹೊಟ್ಟೆಕಿಚ್ಚಿಗೆ ಮಾಡಿದ್ಲು, ಅವಳಿಗೆ ಸಿಗದೇ ಇದ್ದದ್ದು ನಂಗೂ ಸಿಗಬಾರ್ದು ಅಂತ ಮಾಡಿದ್ಲು, ಅವಳು ಹಾಗೆ ಹೇಳುತ್ತಾಳೆ, ಅಮ್ಮ ಅದನ್ನು ನಂಬದೆಯೂ ತಲೆಯಾಡಿಸುತ್ತಾಳೆ. ಹೊಟ್ಟೆಕಿಚ್ಚಲ್ಲವೇ? ಇರಲಿ, ಅದಕ್ಕೂ ಹಾಕೋಣ, ಅವಳ ಕಾಲು ಉಳಿಯಲಿ ಎನ್ನುವುದು ನನ್ನೊಳಗೆ ಎಷ್ಟು, ಅರವತ್ತು? ಹನ್ನೊಂದು ವರ್ಷ ನೀನು ಬಾಯಿ ಕಚ್ಚಿಕೊಂಡು ಇದ್ದದ್ದಕ್ಕೆ ನಾನೂ ಬಾಯಿ ಕಚ್ಚಿಕೊಳ್ಳುತ್ತೇನೆ ನೋಡು, ತಗೋ, ಎನ್ನುವುದು ಇಪ್ಪತ್ತು? ಅವಳು ಗೆಲ್ಲಲಿ ಎನ್ನುವುದು ಹದಿನೈದು? ತೊಂಬತ್ತೈದಾಯಿತು, ಇನ್ನೈದು ಎಲ್ಲಿ, ನೂರಕ್ಕೆ ತುಂಬಲೇಬೇಕು, ಇನ್ನೈದು ಅವಳು ಕೆಳಗೆ ಬಿದ್ದು ಸೀಮೆಸುಣ್ಣ ಯಾರ ಕೈಯಲ್ಲಿದೆ ಎಂದು ತಿರುಗಿ ನೋಡುವುದನ್ನು ನೋಡಬೇಕು ಎನ್ನುವುದು. ಬರೆದಾಯಿತು. ಐದೇ ಎಂದು ಬರೆದೆ. ನನ್ನ ಅಂದಾಜು ತಪ್ಪುವುದೂ ಉಂಟು.

ಅಕ್ಕಾ, ನಾಲ್ಕು ನಲವತ್ತೆಂಟು, ಎಂದಳು ಪುಟ ಕಟ್ಟುವ ಹುಡುಗಿ. ಕೊಡ್ತೀನಿ ಇರು. ಸುಮ್ನೆ ಕೂಡಿ ನೋಡ್ದೆ ಅಕ್ಕಾ, ಏಳೂ ಸೇರಿ ಅರವತ್ತೆರಡಾಗುತ್ತೆ, ಹಂಗಾದ್ರೆ ಇದು ಮೂವತ್ತೆಂಟೇ ಅಲ್ವಾ, ಕಂಬ ಎಳೆದ್ಬಿಡ್ಲಾ? ಕುರ್ಚಿ ಕಿರುಗುಟ್ಟಿತು. ಅರವತ್ತೆರಡು. ಇಪ್ಪತ್ತೊಂದು, ಹದಿನಾಲ್ಕು, ಹನ್ನೊಂದು – ನಾನು ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಅಂಕಿ ಹಾಕಿದವಳು, ಬೆಳಗ್ಗೆ ಆ ಕಾಲು ನೋಡಿ ಬಂದ ಮೇಲೆ, ಹತ್ತೊಂಬತ್ತು ಬರೆಯುವ ಮನಸ್ಸಿದ್ದಿದ್ದರೆ ಬಂದರಿನವರಿಗೆ ಮೂವತ್ತು ಹೋಗಬೇಕಿತ್ತು, ಸಿಮೆಂಟಿನವರಿಗೆ ಇಪ್ಪತ್ತು, ಒಂದೊಂದನ್ನೂ ಎತ್ತಬೇಕಿತ್ತು, ಎತ್ತಲಿಲ್ಲ, ಏಳು ಚೌಕ ತುಂಬಿ ಎಂಟನೆಯದರ ಮುಂದೆ ಕೂತು ಏನು ಬರೆಯಲಿ ಏನು ಬರೆಯಲಿ ಎಂದು ನಾಲ್ಕು ತಾಸು ನಾಟಕ ಆಡಿದೆ, ನನಗೆ ನಾನೇ, ಟಿಕೆಟ್ಟಿಲ್ಲದೆ. ಬರೆಯುವುದು ಏನೂ ಉಳಿದಿರಲಿಲ್ಲ. ಎಳಿ, ಎಂದೆ. ಕಾರಣ? ಏನು? ಒಂದು ಸಾಲು ಕಾರಣ ಅಕ್ಕಾ, ಎಲ್ಲದಕ್ಕೂ ಇದೆ. ಇಡೀ ತಂಡ ಸಂಪೂರ್ಣ ಆರೋಗ್ಯವಾಗಿದೆ, ಎಂದೆ. ಅವಳು ಟೈಪ್ ಮಾಡಿದಳು, ಆರೋಗ್ಯಕ್ಕೆ ಒತ್ತು ಬಿಟ್ಟಿದ್ದಳು, ಸರಿಮಾಡಿದೆ, ಒಂಬತ್ತು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳಿನಲ್ಲಿ ಕಾಗುಣಿತ ತಪ್ಪಿರಬಾರದಲ್ಲ. ಟೈರಿನವರ ಕಂಬ ಕಿತ್ತಳೆ ಬಣ್ಣದಲ್ಲಿ ಮೇಲಕ್ಕೆದ್ದಿತು, ಎಲ್ಲರಿಗಿಂತ ಎತ್ತರ, ಅಮ್ಮನ ಬೀರುವಿನಲ್ಲಿ ಮುಂದೆ ನಿಲ್ಲುವ ಎತ್ತರ. ನೋಡಿದ್ಯಾ, ಸ್ವಂತ ತಂಗೀನೂ ತಕ್ಕಡಿಗೆ ಹಾಕಿ ತೂಗ್ತಾಳಪ್ಪಾ ನಮ್ಮ ಶೇಕಡಾ, ಒಂದು ಜಾಸ್ತಿ ಇಲ್ಲ ಒಂದು ಕಮ್ಮಿ ಇಲ್ಲ, ಗಡುವು ನನ್ನ ಬೆನ್ನ ಹಿಂದೆ ಬಂದು ಯಾರಿಗೋ ಹೇಳುತ್ತಿದ್ದಾನೆ, ಐದು ಗಂಟೆಗೆ ಎರಡು ನಿಮಿಷ ಇತ್ತು, ಅವನ ಮುಖ ಬೆಳಗಿತ್ತು.

ಐದು ಹದಿನೆಂಟಕ್ಕೆ ಫೋನ್ ಮೇಜಿನ ಮೇಲೆ ನಡುಗಿತು, ನಾನು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ, ತಂಗಿ ಎಂದುಕೊಂಡೆ, ಅಲ್ಲ, ಕೋಚ್. ವರ್ಷಗಳಿಂದ ಮೆಸೇಜ್ ಮಾಡಿದವನಲ್ಲ. ಪಟ್ಟಿ ನೋಡಿದೆ. ಒಳ್ಳೆ ಹುಡುಗಿ. ಅಷ್ಟೇ, ಎರಡು ಸಾಲು, ನಾನು ನಿಂತೇ ಓದಿದೆ, ಕುರ್ಚಿ ಕಿರುಗುಟ್ಟಿತು, ಕಾಲು ಬಿಗಿಯಿತು, ಅವನಿಗೆ ಗೊತ್ತು, ನೆಲದ ಮೇಲಿನ ನೀರು ಈ ಸಲವೂ ನೋಡಿದ್ದಾನೆ, ತಂಡದ ಡಾಕ್ಟರಿಗೆ ಗೊತ್ತಿಲ್ಲ ಎಂದು ಅವಳು ಹೇಳಿದಳು, ಕೋಚ್‌ಗೆ ಗೊತ್ತಿಲ್ಲ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ, ಅವನು ಕಾಯುತ್ತಿದ್ದದ್ದು ಒಬ್ಬಳಿಗಾಗಿ ಮಾತ್ರ, ಕಸದ ಡಬ್ಬಿಯ ಪಕ್ಕ ನಿಲ್ಲುವವಳು ಏನು ಬರೆಯುತ್ತಾಳೆ ಎಂದು, ಬರೆದಾಯಿತು. ಏನಮ್ಮಾ, ಲಿಫ್ಟ್ ಬಂತು, ಬಾ, ಗಡುವು ಬಾಗಿಲು ಹಿಡಿದು ನಿಂತಿದ್ದಾನೆ, ಅವನ ಬೆಳಗಿದ ಮುಖದ ಜೊತೆ ನಾಲ್ಕು ಮಹಡಿ ಆ ಡಬ್ಬಿಯೊಳಗೆ – ನೀವು ಹೋಗಿ ಸಾರ್, ನಾನು ಮೆಟ್ಟಿಲಲ್ಲಿ ಬರ್ತೀನಿ. ಮೆಟ್ಟಿಲಲ್ಲಾ? ನೀನಾ? ಬಾಗಿಲು ಮುಚ್ಚಿತು. ಮೆಟ್ಟಿಲ ಗೋಡೆಯ ಮೇಲೆ ಗಡಿಯಾರ, ಐದು ಇಪ್ಪತ್ತನಾಲ್ಕು, ಆರಕ್ಕೆ ಇನ್ನೂ ಮೂವತ್ತಾರು ನಿಮಿಷ, ಆ ಹೆಂಗಸಿನ ನಂಬರ್ ಪರದೆಯ ಮೇಲೆ ತೆಗೆದಿದ್ದೇನೆ, ಹೆಬ್ಬೆರಳು ಅದರ ಮೇಲಿದೆ, ಎರಡು ನಿಮಿಷದ ಕೆಲಸ, ನಾಲ್ಕು ಪದ, ತಂಗಿ ಕುಂಟ್ತಾ ಇದಾಳೆ – ಮೂರೇ ಪದ. ಒಂದು ಕೈಯಲ್ಲಿ ಕಂಬಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಫೋನ್ ಇದ್ದರೆ ಬ್ಯಾಗ್ ಜಾರುತ್ತದೆ, ಬ್ಯಾಗ್ ಜಾರುತ್ತದೆ ಎಂದು ಫೋನನ್ನು ಬ್ಯಾಗಿಗೆ ಹಾಕಿದೆ, ಕಾಲುಚೀಲದ ಪಕ್ಕ, ಬೆಚ್ಚಗಿರಲಿ, ಕೆಳಗೆ ಹೋಗಿ ಮಾಡುತ್ತೇನೆ, ಕೆಳಗೆ ಹೋದ ಮೇಲೆ, ಇಳಿದ ಮೇಲೆ, ಎಡಗಾಲು ಕೆಳಕ್ಕೆ, ಬಲಗಾಲು ಪಕ್ಕಕ್ಕೆ, ಯಾರಾದರೂ ಮೇಲೆ ನಿಂತು ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿದೆ, ಯಾರೂ ಇಲ್ಲ, ಎಡಗಾಲು ಕೆಳಕ್ಕೆ, ಎಷ್ಟು ಮೆಟ್ಟಿಲೋ ಎಣಿಸಲಿಲ್ಲ, ಎಷ್ಟು ಹೊತ್ತೋ, ಬಲಗಾಲು ಪಕ್ಕಕ್ಕೆ, ತಂಗಿಯ ಬರಿಗಾಲು, ಹೆಬ್ಬೆರಳಿಗೆ ಟೇಪ್, ಎಡಗಾಲು ಕೆಳಕ್ಕೆ, ಬಲಗಾಲು ಬಂದು ಅದರ ಪಕ್ಕಕ್ಕೆ, ಎರಡು ಪಾದವೂ ಒಂದೇ ಮೆಟ್ಟಿಲ ಮೇಲೆ. ಎರಡು ಪಾದವೂ ಒಂದೇ ಮೆಟ್ಟಿಲ ಮೇಲೆ.